ಬಾಲ್ದೆಮಾರ್ ವೆರ್ತಾ ಮರಳಿ ಪಡೆದ ಹೆಸರು

ಪರರ ನಾಲಗೆಗೆ ಒಗ್ಗಲೆಂದು ಹೆಸರನ್ನು ಮೊಟಕುಗೊಳಿಸಿಕೊಂಡ ನಮಗೆ ಫ್ರೆಡ್ಡಿ ಫೆಂಡರ್ ಅವರ ಬದುಕು ಅಪರಿಚಿತವೆನಿಸದು.

1937ರಲ್ಲಿ ಟೆಕ್ಸಾಸ್‌ನ ಸ್ಯಾನ್ ಬೆನಿಟೋದಲ್ಲಿ, ಹೊಲಗೂಲಿಗಳ ಮನೆಯಲ್ಲಿ ಜನಿಸಿದ ಬಾಲ್ದೆಮಾರ್ ವೆರ್ತಾ, ಇಂಗ್ಲಿಷ್ ಶ್ರೋತೃಗಳನ್ನು ತಲುಪಲೆಂದು ಗಿಟಾರಿನ ಮೇಲಿದ್ದ ಹೆಸರನ್ನೇ ತಮ್ಮದಾಗಿಸಿಕೊಂಡರು. ಗಾಂಜಾ ಪ್ರಕರಣದಲ್ಲಿ ಸೆರೆವಾಸ ಕಂಡರು. ಮೆಕ್ಯಾನಿಕ್ ಆಗಿಯೂ ದುಡಿದರು. 1975ರಲ್ಲಿ ‘ಬಿಫೋರ್ ದಿ ನೆಕ್ಸ್ಟ್ ಟಿಯರ್‌ಡ್ರಾಪ್ ಫಾಲ್ಸ್’ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಇಂಗ್ಲಿಷ್ ಹಾಡಿನ ನಡುವೆ ಅವರು ಸ್ಪ್ಯಾನಿಷ್ ಚರಣವೊಂದನ್ನು ಹಾಡಿದ್ದರು. ತಾಯ್ನುಡಿಯಿಂದ ಕೇಳುಗರು ದೂರವಾಗಲಿಲ್ಲ.

1988ರಲ್ಲಿ ‘ದಿ ಮಿಲಾಗ್ರೋ ಬೀನ್‌ಫೀಲ್ಡ್ ವಾರ್’ ಚಿತ್ರದಲ್ಲಿ ಮೇಯರ್ ಆಗಿ ನಟಿಸಿದರು. 2002ರಲ್ಲಿ ಅವರಿಗೆ ಗ್ರ್ಯಾಮಿ ತಂದ ಧ್ವನಿಸಂಪುಟದ ಶೀರ್ಷಿಕೆಯಲ್ಲಿದ್ದುದು ಹುಟ್ಟುಹೆಸರು. 2006ರಲ್ಲಿ ತೀರಿಕೊಂಡರು.

ಸ್ಪ್ಯಾನಿಷ್ ಆ ನೆಲಕ್ಕೆ ಇಂಗ್ಲಿಷಿಗಿಂತ ಹಳೆಯದು. ಮುಂಬಯಿ, ದಿಲ್ಲಿಗಳಿಗೆ ಕನ್ನಡವನ್ನು ನಾವು ಹೊತ್ತು ತಂದೆವು. ಅಲ್ಲಿ ಭಾಷೆಯನ್ನು ನೆಲವಾದರೂ ಕಾಯ್ದೀತು. ಇಲ್ಲಿ ಮನೆಯೇ ಕಾಯಬೇಕು. ಆದರೆ ಕನ್ನಡವಾಡಿದರೆ ಮಕ್ಕಳ ಇಂಗ್ಲಿಷ್ ಕೆಟ್ಟೀತೆಂದು ಆ ಮನೆಯಲ್ಲೇ ನಾವು ಅಂಜುತ್ತೇವೆ. ಅವರು ಒಂದು ಚರಣವನ್ನಾದರೂ ಉಳಿಸಿಕೊಂಡರು. ನಾವು ಮಕ್ಕಳಿಗೆ ಅಷ್ಟನ್ನೂ ಉಳಿಸದಿದ್ದರೆ, ಮುಂದೆ ಅವರು ಮರಳಿ ಪಡೆಯುವುದಾದರೂ ಏನನ್ನು?