ಬರಿಹೊಟ್ಟೆಯ ಓಟ

ಬಡವನ ಮಗನ ಓಟ ಬೇಕು, ಓಡುವ ಆ ಮೈಗೆ ಬೇಕಾದ ಊಟದ ಚಿಂತೆ ಬೇಡ. ನಮ್ಮ ನಾಡಿನ ಕ್ರೀಡಾನೀತಿಯ ಒಳತಿರುಳು ಇಷ್ಟೇ. ಪದಕ ಬಂದ ದಿನ ಹಾರ, ತುರಾಯಿ, ಭಾಷಣ; ಪದಕ ಬರುವ ಮೊದಲಿನ ಸಾವಿರ ಬೆಳಗುಗಳಲ್ಲಿ ಆ ಮಗು ಏನು ತಿಂದಿತು ಎಂದು ಕೇಳುವವರಿಲ್ಲ.

ಮರಳವಾಡಿಯ ಕಡೆಯಾಗಲಿ, ಕನಕಪುರ, ಮಾಗಡಿ, ಚನ್ನಪಟ್ಟಣಗಳ ಕಡೆಯಾಗಲಿ, ಹೊತ್ತು ಮೂಡುವ ಮುನ್ನ ರಸ್ತೆಯಲ್ಲಿ ಓಡುವ ಹುಡುಗ ಹುಡುಗಿಯರೆಲ್ಲರೂ ವಿನೋದಕ್ಕೆ ಓಡುವವರಲ್ಲ. ಕೆಲವರ ಕಣ್ಣು ಜಿಲ್ಲಾ ಕ್ರೀಡಾಕೂಟದ ಮೇಲೆ, ಕೆಲವರದು ಕ್ರೀಡಾ ವಸತಿನಿಲಯದ ಮೇಲೆ, ಎಷ್ಟೋ ಜನರದು ಪೊಲೀಸ್ ಮತ್ತು ಸೈನ್ಯದ ಓಟದ ಪರೀಕ್ಷೆಯ ಮೇಲೆ. 2022ರಲ್ಲಿ ಕೇಂದ್ರ ಸರ್ಕಾರ ತಂದ ಅಗ್ನಿಪಥ ಯೋಜನೆಗೆ ಹದಿನೇಳೂವರೆ ವರ್ಷ ತುಂಬಿದರೆ ಸಾಕು, ಸೈನ್ಯದಲ್ಲಿ 1.6 ಕಿಲೋಮೀಟರು ಓಡಿ ಗೆಲ್ಲಬೇಕು. ಗೆದ್ದವನಿಗೆ ಸಿಗುವುದು ನಾಲ್ಕು ವರ್ಷದ ಕೆಲಸ. ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಮಾತ್ರ. ಉದ್ಯೋಗವಿಲ್ಲದ ನಾಡಿನಲ್ಲಿ ಓಟವೂ ಒಂದು ಅರ್ಜಿಯಾಗಿದೆ.

ಹೀಗೆ ಓಡುವ ಎಳೆಯ ದೇಹದೊಳಗೆ ನಡೆಯುವುದೇನು? ಬಿಚ್ಚಾಣಿಕೆ ಘಟಕದ ಕಾರ್ಮಿಕರಿಗೆ ಒಲೆಯ ಮಾತು ಬೇಗ ತಿಳಿಯುತ್ತದೆ. ಸ್ನಾಯುವಿನ ಪ್ರತಿಯೊಂದು ಕಣದಲ್ಲೂ ಅನ್ನವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿ ಪಡೆಯುವ ಸಣ್ಣ ಒಲೆಗಳಿವೆ. ಒಲೆ ಉರಿದಾಗ ನಾಲ್ಕು ಕಿಡಿ ಸಿಡಿಯುವುದು ಸಹಜ. ಜೋರಾಗಿ ಓಡುವಾಗ ದೇಹ ಬಳಸುವ ಆಮ್ಲಜನಕ ಸುಮ್ಮನಿರುವಾಗಿನದಕ್ಕಿಂತ ಹತ್ತು ಪಟ್ಟಿಗೂ ಮೀರುತ್ತದೆ, ಕಿಡಿಗಳೂ ಹೆಚ್ಚುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವ, ಕೊಯ್ದಿಟ್ಟ ಸೇಬನ್ನು ಕಪ್ಪಾಗಿಸುವ ಉತ್ಕರ್ಷಣ ಕ್ರಿಯೆಯ ಬಂಧುಗಳೇ ಇವು. ಕಿಡಿಗಳನ್ನು ಆರಿಸುವ ರಕ್ಷಕ ದ್ರವ್ಯಗಳನ್ನು ದೇಹ ತಾನೇ ತಯಾರಿಸುತ್ತದೆ. ಕಿಡಿ ಹೆಚ್ಚಾಗಿ ರಕ್ಷಕರು ಕಡಿಮೆಯಾದಾಗ ಕಣಗಳಿಗೆ ಪೆಟ್ಟು ಬೀಳುತ್ತದೆ. ಇದನ್ನೇ ವಿಜ್ಞಾನಿಗಳು ಉತ್ಕರ್ಷಣದ ಒತ್ತಡ ಎನ್ನುತ್ತಾರೆ. ಸೋತು ಬೀಳುವವರೆಗೆ ಓಡಿಸಿದ ಇಲಿಗಳ ಸ್ನಾಯುವಿನಲ್ಲಿ ಇಂತಹ ಕಿಡಿಗಳು ಎರಡು ಮೂರು ಪಟ್ಟು ಏರಿದುದನ್ನು ಅಮೆರಿಕದ ವಿಜ್ಞಾನಿಗಳು 1982ರಲ್ಲೇ ತೋರಿಸಿದರು.

ಹಾಗಾದರೆ ಓಟವೇ ಕೆಟ್ಟದ್ದೇ? ಖಂಡಿತ ಅಲ್ಲ. ಹಿತಮಿತವಾಗಿ, ಹಂತಹಂತವಾಗಿ ಏರಿಸಿದ ಅಭ್ಯಾಸದಿಂದ ದೇಹದ ರಕ್ಷಣಾಬಲವೇ ಬೆಳೆಯುತ್ತದೆ. ಆ ಕಿಡಿಗಳೇ ದೇಹಕ್ಕೆ 'ಗಟ್ಟಿಯಾಗು' ಎಂಬ ಸೂಚನೆ ಕೊಡುತ್ತವೆ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕೇಡು ಬರುವುದು ಮೂರು ಕಡೆಯಿಂದ: ಕೂಟ ಹತ್ತಿರ ಬಂತೆಂದು ಒಮ್ಮೆಲೇ ದೂರ ಹೆಚ್ಚಿಸುವುದರಿಂದ, ವಿಶ್ರಾಂತಿ ಇಲ್ಲದಿರುವುದರಿಂದ, ಹೊಟ್ಟೆಗೆ ಇಲ್ಲದಿರುವುದರಿಂದ. ಬೆಳೆಯುವ ವಯಸ್ಸಿನಲ್ಲಿ ಎಲುಬು, ರಕ್ತ, ಸ್ನಾಯು ಎಲ್ಲವೂ ತಮ್ಮ ಪಾಲು ಕೇಳುತ್ತವೆ. ಅದರ ಮೇಲೆ ಓಟದ ಪಾಲು ಬೇರೆ.

ಇಲ್ಲಿಯೇ ಬಂಡವಾಳಶಾಹಿ ತನ್ನ ಡಬ್ಬಿಯೊಡನೆ ಬರುತ್ತದೆ. ಈ ಪುಡಿ ಕಲಸಿ ಕುಡಿ, ಈ ಮಾತ್ರೆ ನುಂಗು, ಈ ಪಾನೀಯ ಹೀರು ಎನ್ನುತ್ತದೆ. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ವ್ಯಾಯಾಮ ಮಾಡುವ ತರುಣರಿಗೆ ನಾಲ್ಕು ವಾರ ದಿನಕ್ಕೆ 1000 ಮಿಲಿಗ್ರಾಂ 'ಸಿ' ಜೀವಸತ್ವವನ್ನೂ 400 ಘಟಕ 'ಇ' ಜೀವಸತ್ವವನ್ನೂ ಕೊಟ್ಟು ನೋಡಿದರು. ಮಾತ್ರೆ ನುಂಗಿದವರಿಗೆ ವ್ಯಾಯಾಮದ ಲಾಭವೇ ಕುಂದಿತು. ಕಿಡಿಯೊಡನೆ ಸೂಚನೆಯೂ ಆರಿತ್ತು. ಅವರು ಮಕ್ಕಳಲ್ಲ, ವಯಸ್ಕರು, ನಿಜ. ವಯಸ್ಕರಿಗೇ ಒದಗದ ದುಬಾರಿ ಮಾತ್ರೆಯನ್ನು ಮಕ್ಕಳ ಹೊಟ್ಟೆಗೆ ಹಾಕುವ ಅವಸರ ಯಾರಿಗೆ, ಯಾತಕ್ಕೆ? ನಮ್ಮ ಸೀಮೆಯ ರಾಗಿ, ಹುರುಳಿ, ಅವರೆ, ನುಗ್ಗೆಸೊಪ್ಪು, ಸೀಬೆ, ನೆಲ್ಲಿಕಾಯಿ, ಇವುಗಳ ಜೊತೆಗೊಂದು ಮೊಟ್ಟೆ ಅಥವಾ ಒಂದು ಲೋಟ ಹಾಲು: ಕಿಡಿ ಆರಿಸುವ ಸಾಮಗ್ರಿಯೆಲ್ಲ ಇದರಲ್ಲೇ ಇದೆ. ಇರಬೇಕಾದುದು ಅದನ್ನು ಕೊಳ್ಳುವ ಕೂಲಿ.

1963ರಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ನಿಂತು, ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಆಳುವವರ ಮುಖಕ್ಕೆ ಹೇಳಿದರು. ಆಣೆ ಹೋಯಿತು, ಪ್ರಶ್ನೆ ಹೋಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಆಮ್ಲಜನಕ ಹೊರುವುದೇ ರಕ್ತ. ರಕ್ತವೇ ಇಲ್ಲದ ಹುಡುಗಿಯನ್ನು 'ಇನ್ನೂ ಎರಡು ಸುತ್ತು' ಎಂದು ಗದರಿಸುವುದು ಶಿಕ್ಷಣವಲ್ಲ, ಶಿಕ್ಷೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯ, 2024ರಿಂದ ವಾರದ ಆರು ದಿನಕ್ಕೂ ವಿಸ್ತರಿಸಿದ ಮೊಟ್ಟೆ, ಇವು ಜನರ ಹಕ್ಕಿನ ಗೆಲುವುಗಳೇ. ಆದರೆ ಮುಂಜಾನೆ ಐದೂವರೆಗೆ ಓಡಿದ ಮಗುವಿಗೆ ಹಾಲು ಸಿಗುವುದು ಶಾಲೆಯ ಗಂಟೆ ಬಾರಿಸಿದ ಮೇಲೆ, ಅನ್ನ ಸಿಗುವುದು ನಡುಮಧ್ಯಾಹ್ನ. ಓಡಿದ ಸ್ನಾಯು ದುರಸ್ತಿಗೆ ಸರಕು ಕೇಳುವ ಹೊತ್ತಿನಲ್ಲಿ ಹೊಟ್ಟೆ ಬರಿದು. ಮೇಲಾಗಿ ಈ ಯೋಜನೆಗಳು ರೂಪುಗೊಂಡದ್ದು ಹತ್ತನೆಯ ತರಗತಿಯವರೆಗಿನವರಿಗೆ. ಓಟದ ಭಾರ ಅತಿಯಾಗುವುದೋ, ಪಿ.ಯು. ವಯಸ್ಸಿನಲ್ಲಿ!

ಆದುದರಿಂದ ಈ ಪತ್ರಿಕೆ ಒತ್ತಾಯಿಸುವುದು ಇಷ್ಟು: ಶಾಲೆ, ಕಾಲೇಜು, ಕ್ರೀಡಾಂಗಣಗಳಲ್ಲಿ ಬೆಳಗಿನ ಅಭ್ಯಾಸ ಮಾಡುವ ಪ್ರತಿಯೊಂದು ಮಗುವಿಗೂ ಅಭ್ಯಾಸ ಮುಗಿದ ಕೂಡಲೇ ರಾಗಿಗಂಜಿಯನ್ನೂ ಮೊಟ್ಟೆ ಅಥವಾ ಬೇಯಿಸಿದ ಕಾಳನ್ನೂ ಸರ್ಕಾರ ಕೊಡಬೇಕು. ಸರ್ಕಾರಿ ಪಿ.ಯು. ಕಾಲೇಜುಗಳಲ್ಲಿ ಎಲ್ಲರಿಗೂ ಮಧ್ಯಾಹ್ನದ ಊಟ ಹಕ್ಕಾಗಬೇಕು. ವರ್ಷಕ್ಕೆ ಎರಡು ಬಾರಿ ಕ್ರೀಡಾಪಟುಗಳ ರಕ್ತಪರೀಕ್ಷೆ ನಡೆಯಬೇಕು. ಪ್ರತಿಯೊಂದು ಪ್ರೌಢಶಾಲೆಗೂ ತರಬೇತಾದ ದೈಹಿಕ ಶಿಕ್ಷಕರಿರಬೇಕು. ವಾರಕ್ಕೆ ಒಂದು ದಿನವಾದರೂ ಮಕ್ಕಳಿಗೆ ಪೂರ್ಣ ವಿಶ್ರಾಂತಿ ಇರಬೇಕು. ದುಡಿಯುವವನಿಗೆ ವಾರದ ರಜೆ ಹೋರಾಡಿ ಗಳಿಸಿದ ಹಕ್ಕಾದರೆ, ಓಡುವ ಮಗುವಿಗೇಕೆ ಅದು ಬೇಡ?

ಕಾರ್ಮಿಕ ಬಂಧುಗಳೇ, ಎಂಟರಿಂದ ಹತ್ತು ಗಂಟೆ ನಿದ್ದೆ ಹದಿಹರೆಯದವರಿಗೆ ಬೇಕೇ ಬೇಕು. ಬೆಳಗಿನ ಓಟವಿದ್ದ ಮನೆಯಲ್ಲಿ ರಾತ್ರಿ ದೀಪ ಬೇಗ ಆರಲಿ. ಊಟದೊಡನೆ ಚಹಾ ಬೇಡ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ, ನಿಂಬೆಹಣ್ಣು ಹಿಂಡಿರಿ. ಅಂಗಡಿಯ ಬಂಧುಗಳೇ, ಕೆಫೀನು ತುಂಬಿದ ಪಾನೀಯದ ಡಬ್ಬಿಯ ಮೇಲೆ ಮಕ್ಕಳಿಗೆ ತಕ್ಕದ್ದಲ್ಲವೆಂದು ಕಾನೂನೇ ಬರೆಸಿದೆ. ಶಾಲಾ ಮಕ್ಕಳ ಕೈಗೆ ಅದನ್ನು ಕೊಡಬೇಡಿರಿ. ಅದರ ಬದಲು ಕಡಲೆಕಾಯಿ ಬೆಲ್ಲದ ಉಂಡೆ ಮಾರಿರಿ. ನಿಮ್ಮ ಗಲ್ಲಾಪೆಟ್ಟಿಗೆಗೂ ನಷ್ಟವಿಲ್ಲ.

ಆದರೆ ಮನೆಯ ಎಚ್ಚರವೊಂದರಿಂದಲೇ ಈ ಕೆಲಸ ಮುಗಿಯದು. ಪಂಚಾಯಿತಿಯ ಮುಂದೆ, ತಾಲ್ಲೂಕು ಕಚೇರಿಯ ಮುಂದೆ ಸಂಘಗಳು ಈ ಬೇಡಿಕೆಯನ್ನು ಇಡಬೇಕು. ನಾವು ಕೇಳುತ್ತಿರುವುದು ಧರ್ಮವಲ್ಲ. ನಾಡಿನ ಹೆಸರಿಗಾಗಿ ಓಡುವ ಮಗುವಿಗೆ ನಾಡು ತೀರಿಸಬೇಕಾದ ಬಾಕಿ ಅದು.