ಚಿಪ್ಪು ನುಡಿಯುವ ಸಾಕ್ಷ್ಯ

ನ್ಯಾಯಾಲಯದಲ್ಲಿ ಬಾಯಿಮಾತಿಗಿಂತ ದಾಖಲೆಗೆ ತೂಕ ಹೆಚ್ಚು. ಸಮುದ್ರದ ಹಳೆಯ ವ್ಯವಹಾರಗಳಿಗೆ ಅಂತಹ ದಾಖಲೆಯೆಂದರೆ ಚಿಪ್ಪು. ಎಲೆಯಡಿಕೆಗೆ ನಾವು ಹಚ್ಚುವ ಚಿಪ್ಪುಸುಣ್ಣವು ಮರುವಾಯಿಯಂತಹ ಜೀವಿ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಪಡೆದು ಕಟ್ಟಿಕೊಂಡ ಮನೆಯ ಬೂದಿ. ನೀರಿನ ಗುಣ ಬದಲಾದರೆ ಮನೆಯ ಗೋಡೆಯೂ ಬದಲಾಗುತ್ತದೆ.

ಸುಮಾರು 16 ಕೋಟಿ ವರ್ಷಗಳ ಹಿಂದೆ ರುಡಿಸ್ಟ್ ಎಂಬ ಚಿಪ್ಪುಜೀವಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಅನೇಕವಕ್ಕೆ ಒಂದು ಕವಾಟ ಕೊಂಬಿನಂತೆ ಅಥವಾ ಹೂಜಿಯಂತೆ ನೀಳವಾಗಿತ್ತು, ಇನ್ನೊಂದು ಅದರ ಮುಚ್ಚಳವಾಗಿತ್ತು. ಒಂದಕ್ಕೊಂದು ಒತ್ತಿ ಬೆಳೆದು, ಹವಳಗಳನ್ನೂ ಹಿಂದಿಕ್ಕಿ, ಕ್ರಿಟೇಷಿಯಸ್ ಯುಗದ ಬೆಚ್ಚನೆಯ ಆಳವಿಲ್ಲದ ಸಮುದ್ರಗಳಲ್ಲಿ ಅವು ವಿಸ್ತಾರವಾದ ದಿಬ್ಬಗಳನ್ನು ನಿರ್ಮಿಸಿದವು. ನಮ್ಮ ಜಿಲ್ಲೆಯ ಎಷ್ಟೋ ಮಂದಿ ದುಡಿಯಲು ಹೋಗಿರುವ ಒಮಾನಿನಲ್ಲಿ ಇಂತಹ 7 ಕೋಟಿ ವರ್ಷ ಹಳೆಯ ಚಿಪ್ಪೊಂದು ದೊರೆತಿದೆ. ಅದರ ದಿನದಿನದ ಪದರಗಳನ್ನು ಎಣಿಸಿದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಂದು ವರ್ಷಕ್ಕೆ 372 ದಿನಗಳು, ದಿನಕ್ಕೆ ಸುಮಾರು ಇಪ್ಪತ್ತಮೂರೂವರೆ ಗಂಟೆಗಳು. ಬೇಸಿಗೆಯಲ್ಲಿ ಆ ಕಡಲಿನ ನೀರು 40 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತಿತ್ತು. ಅಂತಹ ಬಿಸಿಯಲ್ಲಿಯೂ ಆ ಜೀವಿ ಒಂಬತ್ತು ವರ್ಷ ಬಾಳಿತು. ಆದುದರಿಂದ ಬಿಸಿಯೊಂದನ್ನೇ ಆರೋಪಿಯಾಗಿ ನಿಲ್ಲಿಸುವುದು ಸರಿಯಾಗದು.

ಸುಮಾರು 12 ಕೋಟಿ ವರ್ಷಗಳ ಹಿಂದೆ ಭಾರೀ ಜ್ವಾಲಾಮುಖಿ ಚಟುವಟಿಕೆಯಿಂದ ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿತು. ಕಡಲಿನ ಆಳದಲ್ಲಿ ಆಮ್ಲಜನಕ ಕುಗ್ಗಿತು. ಹಲವೆಡೆ ಸುಣ್ಣದ ದಿಬ್ಬಗಳ ಬೆಳವಣಿಗೆ ನಿಂತಿತು. ಕಾರಣ ಆಮ್ಲತೆಯೋ, ಪೋಷಕಾಂಶಗಳ ಅತಿರೇಕವೋ ಎಂಬ ವಾದ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ. ಚಿಪ್ಪಿನ ಸುಣ್ಣಕ್ಕೆ ಎರಡು ರೂಪಗಳಿವೆ: ಬೇಗ ಕರಗುವ ಅರಾಗೊನೈಟ್ ಮತ್ತು ಗಟ್ಟಿಯಾಗಿ ನಿಲ್ಲುವ ಕ್ಯಾಲ್ಸೈಟ್. ಆ ಕಾಲದ ಬಿಕ್ಕಟ್ಟುಗಳಲ್ಲಿ ದಪ್ಪ ಅರಾಗೊನೈಟ್ ಗೋಡೆಯ ವಂಶಗಳು ಕುಸಿದವು. ಮುಂದೆ ಕ್ಯಾಲ್ಸೈಟ್ ಹೊರಪದರದ ವಂಶಗಳು ಮೇಲುಗೈ ಪಡೆದವು. ಇದು ತಲೆಮಾರುಗಳ ಮಾತಲ್ಲ, ಲಕ್ಷಾಂತರ ವರ್ಷಗಳ ಮಾತು. ಕೊನೆಗೆ 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ರುಡಿಸ್ಟ್ ಕುಲವೇ ಅಳಿಯಿತು. ಅವುಗಳ ದೂರದ ನೆಂಟರಾದ ಸಿಂಪಿಗಳು ಉಳಿದವು. ತಮಿಳುನಾಡಿನ ಅರಿಯಲೂರಿನಲ್ಲಿ ಆ ಯುಗದ ಸಿಂಪಿಗಳು ತುಂಬಿದ ಸುಣ್ಣಕಲ್ಲನ್ನು ಈಗ ಸಿಮೆಂಟಿಗಾಗಿ ಅಗೆಯಲಾಗುತ್ತಿದೆ.

ನಮ್ಮ ಕಾಲದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 280 ಭಾಗದಿಂದ 420ನ್ನು ದಾಟಲು ಎರಡೂವರೆ ಶತಮಾನ ಸಾಕಾಯಿತು. ಕಡಲ ಮೇಲ್ಮೈಯ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಚಿಕ್ಕದೆನಿಸಬಹುದು, ಆಮ್ಲತೆಯ ಲೆಕ್ಕದಲ್ಲಿ ಅದು ಶೇಕಡಾ 30ರಷ್ಟು ಏರಿಕೆ. ಅಮೆರಿಕದ ಒರೆಗಾನ್ ತೀರದ ಸಿಂಪಿ ಮರಿಕೇಂದ್ರದಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಮರಿಯ ಮೊದಲ ಚಿಪ್ಪು ಅರಾಗೊನೈಟಿನದು. ಅದನ್ನು ಕಟ್ಟುವಷ್ಟು ಕಾರ್ಬೊನೇಟ್ ಆ ನೀರಿನಲ್ಲಿರಲಿಲ್ಲ.

ಇದು ನಮಗೆ ದೂರದ ಸುದ್ದಿಯಲ್ಲ. ಕವ್ವಾಯಿ ಹಿನ್ನೀರಿನಲ್ಲಿ, ಪಡನ್ನ, ಚೆರುವತ್ತೂರು, ವಲಿಯಪರಂಬಗಳಲ್ಲಿ, ಹಗ್ಗಕ್ಕೆ ಕಟ್ಟಿ ಪಚ್ಚಿಲೆ ಬೆಳೆಸುವ ಕೃಷಿ 1990ರ ದಶಕದಿಂದ ಬೇರೂರಿದೆ. ಮಲಯಾಳದ ನೆರೆಯವರು ಇದನ್ನೇ ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಂತ್ರ ಇದಕ್ಕೆ ಆಧಾರ. ಮಹಿಳಾ ಸ್ವಸಹಾಯ ಗುಂಪುಗಳ ದುಡಿಮೆ ಇದರ ಬೆನ್ನೆಲುಬು. ಮಳೆಗಾಲ ಮುಗಿದು ನೀರು ಉಪ್ಪಾದ ಮೇಲೆ ಬಿತ್ತನೆ, ಮುಂದಿನ ಮಳೆಯ ಸಿಹಿನೀರು ನುಗ್ಗುವ ಮೊದಲು ಕೊಯ್ಲು. ಬೀಜ ಮಾತ್ರ ಬಹುಪಾಲು ಕಡಲ ಬಂಡೆಗಳಿಂದಲೇ ಬರಬೇಕು.

ವಕೀಲನ ಕಣ್ಣಿಗೆ ಕಾಣುವ ಕೊರತೆಯೊಂದಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಾ ಕಾಡು, ಹವಳದಿಬ್ಬ, ಆಮೆ ಮೊಟ್ಟೆಯಿಡುವ ತಾಣ, ಕಡಲಹುಲ್ಲು ಇವೆಲ್ಲವನ್ನು ಹೆಸರು ಹಿಡಿದು ರಕ್ಷಿಸುತ್ತದೆ. ಪಚ್ಚಿಲೆಯ ಬಂಡೆಗಾಗಲಿ ಸಿಂಪಿಯ ಹಾಸಿಗಾಗಲಿ ಆ ಪಟ್ಟಿಯಲ್ಲಿ ಹೆಸರಿಲ್ಲ. ವಿಶೇಷವಾಗಿ ಸೂಕ್ಷ್ಮವೆಂದು ಗುರುತಿಸಿದ ಪ್ರದೇಶಗಳಲ್ಲಿ ಕಾರವಾರ, ಕುಂದಾಪುರ, ವೇಂಬನಾಡುಗಳಿವೆ. ಅವುಗಳ ನಡುವೆ ಬೀಳುವ ಕವ್ವಾಯಿ ಇಲ್ಲ. ಜಾಗತಿಕ ಆಮ್ಲತೆಯನ್ನು ಯಾವ ಪಂಚಾಯತೂ ತಡೆಯಲಾರದು. ಆದರೆ ಬೀಜ ಕೊಡುವ ಬಂಡೆಗಳನ್ನು ಗುರುತಿಸಿ ನಕ್ಷೆಗೆ ಸೇರಿಸುವುದು, ಹಿನ್ನೀರಿನ ಪಿಎಚ್ ಮತ್ತು ಉಪ್ಪಿನಂಶವನ್ನು ಋತುವಿಗೊಮ್ಮೆ ಅಳೆದು ದಾಖಲಿಸುವುದು ನಮ್ಮ ಸ್ಥಳೀಯ ಸಂಸ್ಥೆಗಳ ಕೈಯಳತೆಯಲ್ಲಿಯೇ ಇದೆ. ಮುಂದೊಂದು ದಿನ ಪರಿಹಾರ ಕೇಳುವ ಪ್ರಸಂಗ ಬಂದರೆ ನ್ಯಾಯಪೀಠ ಮೊದಲು ಕೇಳುವುದು ಆ ದಾಖಲೆಯನ್ನೇ.