ಅಥಣಿ ಚಪ್ಪಲಿಗೆ ಮಿಲಾನ್‌ನಲ್ಲಿ ಹೆಸರೇ ಇರಲಿಲ್ಲ!

ಮೊನ್ನೆ ನನ್ನ ಪ್ರೆಸ್ಸಿಗೆ ಒಬ್ಬ ಕಾಲೇಜು ಹುಡುಗ ಬಂದಿದ್ದ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಒಂದು ಸಾವಿರ ಕರಪತ್ರ ಬೇಕಿತ್ತು. ಬೆನ್ನ ಮೇಲೆ ಕಪ್ಪು ಬ್ಯಾಗು. ಬ್ಯಾಗಿನ ಮೇಲೆ ತಲೆಕೆಳಗಾದ ಸಣ್ಣ ತ್ರಿಕೋನ. ಅದರೊಳಗೆ ‘ಪ್ರಾಡಾ’ ಎಂದು ಇಂಗ್ಲಿಷ್ ಅಕ್ಷರ.

‘ಎಷ್ಟು ಕೊಟ್ಟೆಯಪ್ಪಾ ಇದಕ್ಕೆ?’ ಅಂದೆ.

‘ಆರುನೂರು ಅಂಕಲ್. ಡೂಪ್ಲಿಕೇಟು’ ಅಂದ. ಮುಚ್ಚುಮರೆ ಇಲ್ಲ, ಒಳ್ಳೆಯ ಹುಡುಗ.

‘ಪ್ರಾಡಾ ಅಂದರೆ ಯಾರು?’

‘ಗೊತ್ತಿಲ್ಲ ಅಂಕಲ್. ದೊಡ್ಡ ಬ್ರ್ಯಾಂಡು.’

ಅವನ ಕಾಲಲ್ಲಿ ಇದ್ದದ್ದು ಚರ್ಮದ ಚಪ್ಪಲಿ. ‘ಇದು ಯಾವ ಊರಿನದು?’ ಅಂದೆ. ‘ಕೊಲ್ಹಾಪುರಿ ಅಂಕಲ್’ ಅಂದ. ಅದು ಅಥಣಿಯದೂ ಇರಬಹುದು ಕಣಪ್ಪಾ, ನಮ್ಮ ಬೆಳಗಾವಿ ಜಿಲ್ಲೆಯದು ಅಂದರೆ ಹುಡುಗನಿಗೆ ಆಶ್ಚರ್ಯ!

ಗೆಳೆಯರೇ, ಬೆನ್ನ ಮೇಲೆ ಹೊತ್ತ ಹೆಸರು ಯಾರದೋ ಗೊತ್ತಿಲ್ಲ. ಕಾಲಿಗೆ ಹಾಕಿದ ಚಪ್ಪಲಿ ಯಾರದೋ ಅದೂ ಗೊತ್ತಿಲ್ಲ. ಈ ಎರಡು ‘ಗೊತ್ತಿಲ್ಲ’ಗಳಿಗೂ ಈಗ ಗಂಟು ಬಿದ್ದಿದೆ. ಆ ಕಥೆಯನ್ನು ನಿಮಗೆ ಹೇಳಬೇಕು. ನಾನು ಪಿಯುಸಿ ಓದಿ ಅಪ್ಪನ ಪ್ರೆಸ್ಸಿಗೆ ಕೂತವನು, ಫ್ಯಾಷನ್ ಪಂಡಿತನಲ್ಲ. ಆದರೆ ಹೆಸರನ್ನು ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು. ಹೆಸರಿಗೆ ಎಷ್ಟು ಬೆಲೆ ಅನ್ನುವುದು ನನಗೆ ಸ್ವಲ್ಪ ಗೊತ್ತು.

ರಾಜ ಹೋದ, ಮುದ್ರೆ ಉಳಿಯಿತು

1913. ಇಟಲಿಯ ಮಿಲಾನ್ ನಗರ. ಅಲ್ಲಿ ಗಾಜಿನ ಚಾವಣಿ ಹೊದ್ದ ಭಾರಿ ಅಂಗಡಿ ಸಾಲೊಂದಿದೆ, ಗ್ಯಾಲರಿಯಾ ವಿಟ್ಟೋರಿಯೋ ಇಮ್ಯಾನುಯೆಲೆ ಅಂತ ಅದರ ಹೆಸರು. ಮಾರಿಯೋ ಪ್ರಾಡಾ ಎಂಬಾತ ತನ್ನ ಸಹೋದರ ಮಾರ್ಟಿನೋ ಜೊತೆ ಸೇರಿ ಅಲ್ಲಿ ಅಂಗಡಿ ತೆರೆದ. ಬೋರ್ಡಿನ ಮೇಲೆ ‘ಫ್ರಾಟೆಲ್ಲಿ ಪ್ರಾಡಾ’. ಅಂದರೆ ಪ್ರಾಡಾ ಸಹೋದರರು. ನಮ್ಮ ಚಿಕ್ಕಪೇಟೆಯಲ್ಲಿ ‘ಬ್ರದರ್ಸ್’ ಅಂತ ಬೋರ್ಡು ಹಾಕುತ್ತಾರಲ್ಲ, ಹಾಗೇ. ಚರ್ಮದ ಕೈಚೀಲ, ಪೆಟ್ಟಿಗೆ, ಹಡಗಿನಲ್ಲಿ ಪ್ರಯಾಣ ಹೊರಟ ಶ್ರೀಮಂತರಿಗೆ ದೊಡ್ಡ ಟ್ರಂಕು, ಇವು ಅಲ್ಲಿನ ವ್ಯಾಪಾರ.

1919ರಲ್ಲಿ ಇಟಲಿಯ ರಾಜಮನೆತನ ಈ ಅಂಗಡಿಯನ್ನು ತನ್ನ ಅಧಿಕೃತ ಪೂರೈಕೆದಾರ ಎಂದು ಒಪ್ಪಿತು. ರಾಜವಂಶದ ಲಾಂಛನವನ್ನೂ ಗಂಟು ಹಾಕಿದ ಹಗ್ಗದ ಚಿತ್ರವನ್ನೂ ತನ್ನ ಹೆಸರಿನ ಜೊತೆ ಹಾಕಿಕೊಳ್ಳುವ ಹಕ್ಕು ಪ್ರಾಡಾಗೆ ಸಿಕ್ಕಿತು. 1946ರಲ್ಲಿ ಇಟಲಿಯ ಜನ ಮತ ಹಾಕಿ ರಾಜನನ್ನು ಮನೆಗೆ ಕಳಿಸಿದರು. ಸಿಂಹಾಸನ ಹೋಯಿತು. ಪ್ರಾಡಾ ಮಾತ್ರ ಆ ಮುದ್ರೆಯನ್ನು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ನೋಡಿ, ವ್ಯಾಪಾರಸ್ಥನಿಗೆ ಹೆಸರಿನ ಮೇಲೆ ಎಂಥ ಹಿಡಿತ!

ಇನ್ನೊಂದು ತಮಾಷೆ ಕೇಳಿ. ಈ ಮಾರಿಯೋಗೆ ಹೆಂಗಸರು ವ್ಯಾಪಾರಕ್ಕೆ ಕಾಲಿಡುವುದು ಸುತರಾಂ ಇಷ್ಟವಿರಲಿಲ್ಲ. ಮಗನಿಗೆ ಅಂಗಡಿಯ ಮೇಲೆ ಆಸಕ್ತಿ ಇರಲಿಲ್ಲ. 1958ರಲ್ಲಿ ಮಾರಿಯೋ ತೀರಿಕೊಂಡ ಮೇಲೆ ಅಂಗಡಿ ಹಿಡಿದು ಸುಮಾರು 20 ವರ್ಷ ನಡೆಸಿದವಳು ಮಗಳು ಲೂಯಿಸಾ. ಆಮೇಲೆ ಬಂದವಳು ಮೊಮ್ಮಗಳು ಮಿಯುಚ್ಚಾ. ಅಜ್ಜ ಬೇಡವೆಂದ ಹೆಣ್ಣುಮಕ್ಕಳೇ ಅಜ್ಜನ ಹೆಸರನ್ನು ಜಗತ್ತಿಗೆಲ್ಲ ಹೊತ್ತರು.

ಟ್ರಂಕಿನ ಹೊದಿಕೆಯೇ ಚಿನ್ನವಾಯಿತು

ಮಿಯುಚ್ಚಾ ಪ್ರಾಡಾ ಸಾಮಾನ್ಯ ಹೆಂಗಸಲ್ಲ. ಮಿಲಾನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಡಾಕ್ಟರೇಟ್ ಪಡೆದವರು. ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು, ಮಹಿಳಾ ಹಕ್ಕುಗಳ ಚಳವಳಿಯಲ್ಲಿ ಓಡಾಡಿದವರು. ಅದರ ಮೇಲೆ ನಾಟಕಶಾಲೆಯಲ್ಲಿ ಮೂಕಾಭಿನಯವನ್ನೂ ಕಲಿತಿದ್ದರು. ಇಂಥವರು 1978ರಲ್ಲಿ ಅಜ್ಜನ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೂತರು. ಟಸ್ಕನಿ ಕಡೆಯ ಚರ್ಮದ ಉದ್ಯಮಿ ಪ್ಯಾಟ್ರಿಜಿಯೋ ಬರ್ಟೆಲ್ಲಿ ಜೊತೆಯಾದರು. ಮೊದಲು ವ್ಯಾಪಾರದಲ್ಲಿ, ಆಮೇಲೆ ಸಂಸಾರದಲ್ಲಿ. ಇಂಗ್ಲೆಂಡಿನಿಂದ ಸರಕು ತರಿಸಿ ಮಾರುವುದನ್ನು ನಿಲ್ಲಿಸು, ನಮ್ಮದೇ ಮಾಡೋಣ ಅಂತ ಬರ್ಟೆಲ್ಲಿ ಹೇಳಿದ. ಇದನ್ನು ನೆನಪಿಟ್ಟುಕೊಳ್ಳಿ.

ಸೈನ್ಯದ ಸಾಮಾನಿಗೆ, ಟ್ರಂಕಿನ ಹೊದಿಕೆಗೆ ಬಳಸುವಂಥ ಗಟ್ಟಿ ಕಪ್ಪು ನೈಲಾನ್ ಬಟ್ಟೆಯ ಮೇಲೆ ಮಿಯುಚ್ಚಾ ಕಣ್ಣು ಬಿತ್ತು. ಚರ್ಮದ ಅಂಗಡಿಯಲ್ಲಿ ನೈಲಾನ್! 1984ರಲ್ಲಿ ಅದರಿಂದ ಬೆನ್ನಿಗೆ ಹಾಕುವ ಬ್ಯಾಗು ಬಂತು. ಮೇಲೊಂದು ಪುಟ್ಟ ತ್ರಿಕೋನ, ಅದರಲ್ಲಿ ಅಜ್ಜನ ಹೆಸರು, ಮಿಲಾನ್ ಎಂಬ ಊರಿನ ಹೆಸರು. ಮೊದಲಿಗೆ ಯಾರೂ ಮೂಸಿ ನೋಡಲಿಲ್ಲ. ಕೆಲವೇ ವರ್ಷಗಳಲ್ಲಿ ಅದಿಲ್ಲದೆ ಶ್ರೀಮಂತರ ಮಕ್ಕಳು ಹೊರಗೆ ಹೊರಡದಂತಾಯಿತು. ನಮ್ಮ ಕರಪತ್ರದ ಹುಡುಗನ ಬೆನ್ನ ಮೇಲಿದ್ದದ್ದು ಅದೇ ಬ್ಯಾಗಿನ ನಕಲಿನ ನಕಲು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1988ರಲ್ಲಿ ಹೆಂಗಸರ ಸಿದ್ಧ ಉಡುಪು. 1999ರಲ್ಲಿ ಕೈಗೆ ಸಿಕ್ಕಿದ ಕಂಪನಿಗಳನ್ನೆಲ್ಲ ಕೊಳ್ಳುವ ಭರಾಟೆ, ಅದರಿಂದ ತಲೆಯ ಮೇಲೆ ಸಾಲ, ಕೊಂಡದ್ದರಲ್ಲಿ ಕೆಲವನ್ನು ಮಾರಿದ್ದೂ ಆಯಿತು. 2006ರಲ್ಲಿ ಪ್ರಾಡಾ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟುಕೊಂಡ ಹಾಲಿವುಡ್ ಸಿನಿಮಾ ಬಂತು. 2011ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಪ್ರವೇಶ. 2025ರಲ್ಲಿ ಇಟಲಿಯದೇ ಮತ್ತೊಂದು ದೊಡ್ಡ ಮನೆ ವರ್ಸಾಚೆಯನ್ನು ಸುಮಾರು 125 ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು. ಸಹೋದರರ ಒಂದು ಅಂಗಡಿ ಎಲ್ಲಿಗೆ ಮುಟ್ಟಿತು ನೋಡಿ!

ಇವರಿಗೆ ಹೆಸರು ಹಾಕಲು ಬರುತ್ತಿರಲಿಲ್ಲವೇ?

ಈಗ ಚಪ್ಪಲಿಗೆ ಬರೋಣ.

2025ರ ಜೂನ್ 22. ಮಿಲಾನ್‌ನಲ್ಲಿ ಪ್ರಾಡಾ ಗಂಡಸರ ಉಡುಪಿನ ಪ್ರದರ್ಶನ. ಮಾಡೆಲ್‌ಗಳು ನಡೆದು ಬಂದರು. ಹಲವರ ಕಾಲಲ್ಲಿ ಇದ್ದದ್ದು ಏನು? ನಮ್ಮ ಹುಬ್ಬಳ್ಳಿ, ಬೆಳಗಾವಿ ಬಸ್ ನಿಲ್ದಾಣದಲ್ಲಿ ದಿನಾ ಕಾಣುವ ಚಪ್ಪಲಿ! ಅದೇ ಚಪ್ಪಟೆ ಅಟ್ಟೆ, ಅದೇ ಹೆಬ್ಬೆರಳಿನ ಉಂಗುಷ್ಠ, ಅದೇ ಹೆಣಿಗೆ. ಪ್ರಾಡಾ ಅದಕ್ಕೆ ಕೊಟ್ಟ ಹೆಸರು ‘ಚರ್ಮದ ಸ್ಯಾಂಡಲ್’. ಅಷ್ಟೇ. ಕೊಲ್ಹಾಪುರವೂ ಇಲ್ಲ, ಅಥಣಿಯೂ ಇಲ್ಲ, ಭಾರತವೂ ಇಲ್ಲ.

ಪಾಪ, ಇವರಿಗೆ ಹೆಸರು ಹಾಕುವ ಅಭ್ಯಾಸ ಇರಲಿಲ್ಲ ಅಂದುಕೊಳ್ಳಬೇಡಿ. 2010ರಲ್ಲಿ ಇದೇ ಪ್ರಾಡಾ ಒಂದು ಯೋಜನೆ ಮಾಡಿತ್ತು. ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ, ಜಪಾನಿನ ಜೀನ್ಸ್, ಪೆರು ದೇಶದ ಅಲ್ಪಾಕಾ ಉಣ್ಣೆ, ನಮ್ಮ ದೇಶದ ಚಿಕನ್ ಕಸೂತಿ. ಒಂದೊಂದರ ಲೇಬಲ್ ಮೇಲೂ ಆಯಾ ದೇಶದ ಹೆಸರು ಅಚ್ಚಾಗಿತ್ತು. 2010ರಲ್ಲಿ ಬರುತ್ತಿದ್ದ ಅಕ್ಷರ 2025ರಲ್ಲಿ ಮರೆತುಹೋಯಿತೇ? ನೂರು ವರ್ಷ ಹಳೆಯ ರಾಜಮುದ್ರೆಯನ್ನು ಎದೆಗೆ ಅವಚಿಕೊಂಡು ಕೂತವರಿಗೆ ಬೇರೆಯವರ ಹೆಸರಿನ ಬೆಲೆ ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಗಲಾಟೆ ಆಯಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆಯಿತು. ಮಿಯುಚ್ಚಾ ಅವರ ಮಗ ಲೊರೆಂಜೋ ಬರ್ಟೆಲ್ಲಿ ಉತ್ತರ ಬರೆದು, ಹೌದು, ಭಾರತದ ಸಾಂಪ್ರದಾಯಿಕ ಕೈಕೆಲಸದ ಪಾದರಕ್ಷೆಯೇ ಇದಕ್ಕೆ ಪ್ರೇರಣೆ ಅಂತ ಒಪ್ಪಿಕೊಂಡರು. ಜುಲೈನಲ್ಲಿ ಅವರ ತಂಡ ಕೊಲ್ಹಾಪುರಕ್ಕೆ ಬಂದು ಕುಶಲಕರ್ಮಿಗಳನ್ನು ಕಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ಲಿಡ್ಕರ್ ಎರಡರ ಜೊತೆಗೂ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2000 ಜೋಡಿ, ಜೋಡಿಗೆ ಸುಮಾರು 800 ಯೂರೋ, 2026ರ ಫೆಬ್ರವರಿಯಿಂದ 40 ಅಂಗಡಿಗಳಲ್ಲಿ ಮಾರಾಟ, ಜೊತೆಗೆ ತರಬೇತಿ. ಇದು ಆಗ ಹೇಳಿದ ಲೆಕ್ಕ.

ಕೂಗಿದ್ದಕ್ಕೆ ಕಿವಿಗೊಟ್ಟರು, ಮೆಚ್ಚೋಣ. ಆದರೆ ಲೆಕ್ಕವನ್ನೂ ಹಾಕೋಣ. 2000 ಜೋಡಿಗೆ ತಲಾ 800 ಅಂದರೆ 16 ಲಕ್ಷ ಯೂರೋ. ವರ್ಸಾಚೆಗೆ ಕೊಟ್ಟ 125 ಕೋಟಿಯ ಮುಂದೆ ಇದು ಚಿಲ್ಲರೆ ಕಾಸು. ಈ ಒಂದು ಜೋಡಿಯ ಬೆಲೆ ನಮ್ಮ ದುಡ್ಡಿನಲ್ಲಿ 80 ಸಾವಿರಕ್ಕೂ ಮೇಲೆ. ಅದರಲ್ಲಿ ಹೊಲಿದ ಕೈಗೆ ಎಷ್ಟು? ಒಪ್ಪಂದಕ್ಕೆ ಸಹಿ ಹಾಕಿದ ನಿಗಮಗಳು ಇದನ್ನು ಜನರಿಗೆ ಬಿಡಿಸಿ ಹೇಳಬೇಕು. ಕೇಳುವುದು ನಮ್ಮ ಹಕ್ಕು.

ನಮ್ಮ ತಪ್ಪು ಏನೂ ಇಲ್ಲವೇ?

ಪ್ರಾಡಾವನ್ನು ಬೈದು ಕೈತೊಳೆದುಕೊಂಡರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನದೇ ಒಂದು ಪಾಪವನ್ನು ಹೇಳಿಕೊಳ್ಳಬೇಕಿದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಪ್ರೆಸ್ಸು ನನ್ನ ಕೈಗೆ ಬಂದ ಹೊಸತು. ಉತ್ತರ ಕರ್ನಾಟಕದ ಒಬ್ಬ ಚಪ್ಪಲಿ ವ್ಯಾಪಾರಿ ಡಬ್ಬಕ್ಕೆ ಅಂಟಿಸುವ ಲೇಬಲ್ ಮಾಡಿಸಲು ಬಂದ. ಮಾಲು ಅಥಣಿಯದು. ಲೇಬಲ್ ಮೇಲೆ ‘ಕೊಲ್ಹಾಪುರಿ’ ಅಂತ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರಬೇಕು.

‘ಕೆಳಗೆ ಅಥಣಿ ಅಂತ ಕನ್ನಡದಲ್ಲಿ ಒಂದು ಸಾಲು ಹಾಕೋಣವೇ?’ ಅಂದೆ.

‘ಅಥಣಿ ಅಂದ್ರ ಯಾರ್ ತಗೋತಾರ್ರೀ ಬೆಂಗಳೂರಾಗ? ಸುಮ್ನ ನಾ ಹೇಳಿದ್ದ ಹಾಕ್ರಿ’ ಅಂದ.

ನಾನೂ ಸುಮ್ಮನೆ ಹಾಕಿದೆ. ಐದು ಸಾವಿರ ಲೇಬಲ್. ದುಡ್ಡು ಎಣಿಸಿಕೊಂಡೆ. ಇಟಲಿಯವರು 2025ರಲ್ಲಿ ಮಾಡಿದ ಕೆಲಸವನ್ನು ನಾನು ಆಗಲೇ ಮಾಡಿ ಮುಗಿಸಿದ್ದೆ. ಅವರು ದೇಶದ ಹೆಸರು ಬಿಟ್ಟರು, ನಾನು ಊರಿನ ಹೆಸರು ಬಿಟ್ಟೆ. ಆ ವ್ಯಾಪಾರಿಯನ್ನು ದೂರಿ ಪ್ರಯೋಜನವಿಲ್ಲ. ಅವನು ಹೇಳಿದ್ದು ನಿಜ. ಅಥಣಿ ಅಂದರೆ ಬೆಂಗಳೂರಿನ ನಾವು ಕೊಳ್ಳುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ!

ಕೊಲ್ಹಾಪುರದ ಮೇಲೆ ನನಗೆ ಕೋಪವಿಲ್ಲ. ಅಲ್ಲಿಯ ಪೇಟೆ ದೊಡ್ಡದು, ಹೆಸರು ಅಲ್ಲಿಂದ ಹಬ್ಬಿತು. ಅಲ್ಲಿಯ ಕುಶಲಕರ್ಮಿಯೂ ನಮ್ಮವನಷ್ಟೇ ಬೆವರು ಸುರಿಸುತ್ತಾನೆ. ಆದರೆ 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಬಂದಾಗ ಅದು ಎಂಟು ಜಿಲ್ಲೆಗಳಿಗೆ ಸಮನಾಗಿ ಬಂತು. ಅಲ್ಲಿಯ ನಾಲ್ಕು: ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ನಾಲ್ಕು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಕಾಗದದ ಮೇಲೆ ಅರ್ಧ ಪಾಲು ನಮ್ಮದು. ಬಾಯಿಮಾತಿನಲ್ಲಿ ನಮ್ಮ ಪಾಲು ಸೊನ್ನೆ. 2025ರ ಗಲಾಟೆಯಲ್ಲೂ ಮೊದಲು ಕೇಳಿದ್ದು ಒಂದೇ ಊರಿನ ಹೆಸರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇದನ್ನು ಮಾಡುತ್ತಾರೆ ಅಂತ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು.

ಆ ಕೆಲಸ ಎಂಥದ್ದು ಗೊತ್ತೇ? ಜಾಲಿ ತೊಗಟೆ, ಅಳಲೆಕಾಯಿ ರಸದಲ್ಲಿ ಹದ ಮಾಡಿದ ಚರ್ಮ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಗಂಡಸರು ಅಟ್ಟೆ ಕತ್ತರಿಸಿದರೆ, ಸಣ್ಣ ಹೆಣಿಗೆ, ತೂತಿನ ಚಿತ್ತಾರ ಬಹುಮಟ್ಟಿಗೆ ಹೆಂಗಸರ ಕೈಯದು. ಮಿಲಾನ್‌ನ ಅಜ್ಜ ಹೆಂಗಸರನ್ನು ಹೊರಗಿಟ್ಟ, ಕೊನೆಗೆ ಅವರ ಹೆಸರು ಜಗತ್ತಿಗೆ ಗೊತ್ತಾಯಿತು. ಅಥಣಿಯ ಹೆಂಗಸರು ಮೊದಲಿನಿಂದಲೂ ಒಳಗೇ ಇದ್ದಾರೆ, ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಚಪ್ಪಲಿ ಮಾಡುವವನ ಹೆಸರನ್ನು ಮರೆಯದ ನಾಡು ಒಂದು ಕಾಲಕ್ಕೆ ಇದೇ ಆಗಿತ್ತು. ಬಸವಣ್ಣ ತನಗೆ ಎರಡು ಸಲ ಶರಣೆಂದ, ಆ ಋಣ ತೀರಿಸಬೇಕೆಂದು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತ. ಈ ಕಥೆ ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಎಂಟುನೂರು ವರ್ಷವಾದರೂ ಹರಳಯ್ಯನ ಹೆಸರು ಅಳಿಸಿಲ್ಲ. ಅವನ ಕಸುಬಿನವರ ಹೆಸರನ್ನು ಮಾತ್ರ ಒಂದು ಲೇಬಲ್ ಮೇಲೆ ಹಾಕಲು ನಮಗೆ ಆಗಲಿಲ್ಲ.

ನೀವು ಮಾಡಬೇಕಾದ್ದು

ನಿಮ್ಮಲ್ಲಿ ಡಿಸೈನ್ ಕಲಿತವರು ಇದ್ದೀರಿ, ಮೊಬೈಲಿನಲ್ಲೇ ಅಂಗಡಿ ನಡೆಸುವವರು ಇದ್ದೀರಿ. ಇಂಗ್ಲೆಂಡಿನ ಸರಕು ಬಿಟ್ಟು ನಮ್ಮದೇ ಮಾಡೋಣ ಅಂದಾಗ ಪ್ರಾಡಾ ಬೆಳೆಯಿತು ಅಂದೆನಲ್ಲ, ಆ ಬುದ್ಧಿ ನಮಗೇನು ಕಡಿಮೆಯೇ? ಅಥಣಿಯ ಕುಶಲಕರ್ಮಿಗಳೇ ಕೂಡಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಹೊರದೇಶಕ್ಕೆ ಚಪ್ಪಲಿ ಕಳಿಸಿದ್ದುಂಟು. ದಾರಿ ಇದೆ, ನಡೆಯುವವರು ಬೇಕು.

ಮುಂದಿನ ಸಲ ಇಂಥ ಚಪ್ಪಲಿ ಕೊಳ್ಳುವಾಗ ‘ಯಾವ ಊರಿನದು?’ ಅಂತ ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಹೇಳಲು ಹೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಅವನೇ ಬೋರ್ಡು ಹಾಕುತ್ತಾನೆ. ನೀವೇ ಮಾರುವವರಾದರೆ ಊರಿನ ಹೆಸರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿ. ಸಾಧ್ಯವಾದರೆ ಮಾಡಿದವರ ಹೆಸರನ್ನೂ, ಅವರನ್ನು ಕೇಳಿ, ಹಾಕಿ.

ಲೇಬಲ್ ಅಚ್ಚು ಹಾಕಿಸಲು ದುಡ್ಡಿಲ್ಲ ಅನ್ನುತ್ತೀರಾ? ನನ್ನ ಪ್ರೆಸ್ಸಿಗೆ ಬನ್ನಿ. ‘ಅಥಣಿ’ ಅಂತ ಇರುವ ಲೇಬಲ್‌ಗೆ ಕಾಗದದ ದುಡ್ಡು ಮಾತ್ರ ಕೊಡಿ, ಅಚ್ಚಿನ ಕೂಲಿ ಬೇಡ. ಇಪ್ಪತ್ತು ವರ್ಷದ ಹಿಂದಿನ ಆ ಐದು ಸಾವಿರದ ಬಾಕಿ ನನ್ನ ಮೇಲೆ ಇನ್ನೂ ಇದೆ.